ಎಲ್ಲ ಕೆಂಗಣ್ಣೂ ಕಣ್ಣುಬೇನೆಯಲ್ಲ

"ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡ್ರಿ." ದಾಂಡೇಲಿಯಿರಲಿ, ಹಳಿಯಾಳವಿರಲಿ, ಔಷಧ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹೆಚ್ಚಿನ ಸಲ ಅದು ನಿಜವಾಗಿಯೂ ಕಣ್ಣುಬೇನೆಯೇ. ಮನೆಯಲ್ಲಿ ಒಬ್ಬರಿಗೆ ಬಂದದ್ದು ಉಳಿದವರಿಗೂ ದಾಟುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ, ವಾರ ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಆದರೆ ಒಮ್ಮೊಮ್ಮೆ ಆ ಕೆಂಪು ಹೊರಗಿನಿಂದ ಬಂದದ್ದಾಗಿರುವುದಿಲ್ಲ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕಣ್ಣಿನೊಳಗೆ ನುಗ್ಗಿ, ಅಲ್ಲಿರುವ ನಮ್ಮದೇ ಅಂಗಾಂಶದ ಮೇಲೆ ಮುಗಿಬಿದ್ದಿರುತ್ತವೆ. ಈ ಉರಿಯೂತಕ್ಕೆ ವೈದ್ಯರು ಯೂವಿಯೈಟಿಸ್ ಎನ್ನುತ್ತಾರೆ. ಕಣ್ಣುಬೇನೆಯೆಂದು ತಿಳಿದು ಇದನ್ನು ಎರಡು ವಾರ ಮನೆಯಲ್ಲೇ ಇಟ್ಟುಕೊಂಡರೆ, ಹೋದ ದೃಷ್ಟಿ ಪೂರ್ತಿ ಮರಳದೆ ಇರಬಹುದು.

ಎರಡರ ನಡುವಿನ ವ್ಯತ್ಯಾಸ ಮನೆಯಲ್ಲೇ ಅರ್ಧ ತಿಳಿಯುತ್ತದೆ. ಕಣ್ಣುಬೇನೆಯಲ್ಲಿ ಪಿಸುರು ಬರುತ್ತದೆ, ತುರಿಸುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಆದರೆ ಪಿಸುರು ಒರೆಸಿಕೊಂಡರೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಯೂವಿಯೈಟಿಸ್‌ನಲ್ಲಿ ಪಿಸುರು ಇರುವುದಿಲ್ಲ. ಕೆಂಪು ರೆಪ್ಪೆಯ ಕಡೆಗಿಂತ ಕರಿಗುಡ್ಡೆಯ ಸುತ್ತ ಉಂಗುರದಂತೆ ಹೆಚ್ಚು. ಬೆಳಕು ಕಂಡರೆ ಆಗದು, ಕಣ್ಣಿನ ಆಳದಲ್ಲಿ ಜಗ್ಗಿದಂಥ ನೋವು, ನೋಟ ಮಂಜು. ಇನ್ನೊಂದು ಸೂಚನೆಯೂ ಉಂಟು. ನೋಯುವ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಚೆನ್ನಾಗಿರುವ ಕಣ್ಣಿಗೆ ಯಾರಾದರೂ ಟಾರ್ಚ್ ಹಿಡಿದರೂ ಮುಚ್ಚಿದ ಕಣ್ಣು ನೋಯುತ್ತದೆ. ಎರಡೂ ಕಣ್ಣಿನ ಪಾಪೆಗಳು ಒಟ್ಟಿಗೇ ಕಿರಿದಾಗುವುದರಿಂದ, ಉರಿಯೂತ ಬಂದಿರುವ ಒಳಪರದೆ ಆ ಚಲನೆಗೇ ಚೀರುತ್ತದೆ. ಇದಿಷ್ಟೇ ಆಧರಿಸಿ ರೋಗ ತೀರ್ಮಾನಿಸಲು ಬರುವುದಿಲ್ಲ, ಆದರೆ ಅಂಗಡಿ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಇಷ್ಟು ಸಾಕು.

ಹೆಸರು ಬಂದದ್ದು ದ್ರಾಕ್ಷಿಯಿಂದ. ಲ್ಯಾಟಿನ್ ಭಾಷೆಯಲ್ಲಿ ಊವ ಎಂದರೆ ದ್ರಾಕ್ಷಿ. ಕಣ್ಣುಗುಡ್ಡೆಯ ಹೊರಗಿನ ಬಿಳಿ ಗೋಡೆಯನ್ನು ತೆಗೆದು ನೋಡಿದ ಹಳೆಯ ವೈದ್ಯರಿಗೆ ಒಳಗಿನ ಪದರ ಸಿಪ್ಪೆ ಸುಲಿದ ಕಪ್ಪು ದ್ರಾಕ್ಷಿಯಂತೆ ಕಂಡಿತು. ಮುಂಭಾಗದಲ್ಲಿ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸುವ ಬಣ್ಣದ ಪರದೆ ಐರಿಸ್, ಅದರ ಹಿಂದೆ ಕಣ್ಣಿನೊಳಗಿನ ನೀರನ್ನು ಒಸರಿಸುವ ಸಿಲಿಯರಿ ಭಾಗ, ಹಿಂಬದಿಯಲ್ಲಿ ರೆಟಿನಾಕ್ಕೆ ಅನ್ನ ನೀರು ಕೊಡುವ ಕೋರಾಯ್ಡ್. ಈ ಮೂರೂ ಸೇರಿದ್ದು ಯೂವಿಯಾ. ಇಡೀ ಪದರ ರಕ್ತನಾಳಗಳ ಹೆಣಿಗೆ. ರಕ್ತ ಧಾರಾಳವಾಗಿ ಹರಿಯುವ ಕಡೆ ರಕ್ತದೊಂದಿಗೆ ಬರುವ ಜಗಳವೂ ಬೇಗ ಮುಟ್ಟುತ್ತದೆ. ಮುಂದೆ ಬಂದರೆ ಕೆಂಪು ಮತ್ತು ನೋವು, ಹಿಂದೆ ಬಂದರೆ ನೋವೇ ಇಲ್ಲದೆ ಬರೀ ಮಂಜು ಮತ್ತು ಕಣ್ಣ ಮುಂದೆ ನೊಣ, ಜೇಡರ ಬಲೆ ತೇಲಿದಂತೆ. ಹಿಂದಿನದೇ ಹೆಚ್ಚು ಅಪಾಯದ್ದು. ನೋವಿಲ್ಲವೆಂದು ಜನ ತಡ ಮಾಡುವುದೂ ಅದರಲ್ಲೇ.

ಡಾಕ್ಟರು ಇದನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಜೋಯಿಡಾ ಕಡೆಯ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಸುಲಭವಾಗಿ ಹೇಳಬಹುದು. ಮಾಡಿಗೆ ಕೂರಿಸಿದ ಗಾಜಿನ ಹೆಂಚಿನಿಂದ ಮಧ್ಯಾಹ್ನದ ಬಿಸಿಲು ಕೋಲಿನಂತೆ ಕತ್ತಲ ಕೋಣೆಗೆ ಇಳಿದಾಗ ಅದರಲ್ಲಿ ಧೂಳಿನ ಕಣಗಳು ತೇಲುವುದು ಕಾಣುತ್ತದೆ. ಬಿಸಿಲುಕೋಲಿನ ಆಚೆಗೂ ಅದೇ ಧೂಳಿದೆ, ಕಾಣುವುದಿಲ್ಲ ಅಷ್ಟೆ. ಗದ್ದ ಊರಿ ಕೂರುವ ಸ್ಲಿಟ್ ಲ್ಯಾಂಪ್ ಯಂತ್ರ ಮಾಡುವುದು ಇದನ್ನೇ. ಸ್ವೀಡನ್ನಿನ ಅಲ್ವಾರ್ ಗುಲ್‌ಸ್ಟ್ರಾಂಡ್ 1911ರಲ್ಲಿ ಇದನ್ನು ಲೋಕಕ್ಕೆ ತೋರಿಸಿದರು. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕನ್ನು ಕಣ್ಣಿನ ಮುಂಕೋಣೆಗೆ ಬಿಟ್ಟು, ಅದರಲ್ಲಿ ತೇಲುವ ಬಿಳಿಕಣಗಳನ್ನು ಡಾಕ್ಟರು ಎಣಿಸುತ್ತಾರೆ. ಆರೋಗ್ಯವಂತ ಕಣ್ಣಿನಲ್ಲಿ ಆ ನೀರು ತಿಳಿ. 6ರಿಂದ 15 ಕಣ ಕಂಡರೆ ಚೀಟಿಯಲ್ಲಿ 1+ ಎಂದು ಬರೆಯುತ್ತಾರೆ, 16ರಿಂದ 25ಕ್ಕೆ 2+, 26ರಿಂದ 50ಕ್ಕೆ 3+, 50 ದಾಟಿದರೆ 4+. ನಿಮ್ಮ ಚೀಟಿಯ ಮೇಲಿನ ಆ ಚಿಕ್ಕ ಸಂಖ್ಯೆಯೇ ರೋಗದ ಲೆಕ್ಕಪುಸ್ತಕ. ಮುಂದಿನ ಭೇಟಿಯಲ್ಲಿ ಅದು ಇಳಿದಿದೆಯೋ ಏರಿದೆಯೋ ಎಂದು ಕೇಳಿ ತಿಳಿದುಕೊಳ್ಳಿ, ಡಾಕ್ಟರು ಬೇಸರಪಡುವುದಿಲ್ಲ.

ಕಣಗಳು ಬರೀ ತೇಲುತ್ತಿದ್ದರೆ ಇಷ್ಟು ಚಿಂತೆಯಿರಲಿಲ್ಲ. ಅವುಗಳ ಜೊತೆಗೆ ಸೋರುವ ಪ್ರೋಟೀನು ಗಂಜಿಯಂತೆ ಅಂಟು. ಐರಿಸ್ಸಿನ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡು, ಗುಂಡಗಿದ್ದ ಪಾಪೆ ಸೊಟ್ಟಗಾಗುತ್ತದೆ. ಪೂರ್ತಿ ಸುತ್ತ ಅಂಟಿದರೆ ಒಳಗಿನ ನೀರಿಗೆ ಹರಿಯಲು ದಾರಿಯಿಲ್ಲದೆ ಒತ್ತಡ ಏರುತ್ತದೆ, ಅದೇ ಗ್ಲಾಕೋಮಾ. ಉರಿಯೂತ ತಿಂಗಳುಗಟ್ಟಲೆ ಉಳಿದರೆ ಮೂವತ್ತರ ವಯಸ್ಸಿಗೇ ಪೊರೆ ಬರುತ್ತದೆ. ರೆಟಿನಾದ ನಟ್ಟನಡುವೆ, ಅಕ್ಷರ ಓದುವ ಜಾಗದಲ್ಲಿ, ನೀರು ತುಂಬಿಕೊಳ್ಳುವುದು ಇನ್ನೊಂದು ಹಾನಿ. ನಮ್ಮ ನಾಡಿನಲ್ಲಿ ಕಣ್ಣಿನ ಕಾಯಿಲೆಯೆಂದರೆ ಪೊರೆ ಎಂಬ ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಡಾ. ಎಂ. ಸಿ. ಮೋದಿಯವರ ಪೊರೆ ಶಸ್ತ್ರಚಿಕಿತ್ಸಾ ಶಿಬಿರಗಳ ಕಾಲದಿಂದ ಕೂತ ತಿಳಿವಳಿಕೆ ಅದು, ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟದ್ದು. ಆದರೆ ಪೊರೆ ಕಾಯುತ್ತದೆ, ಈ ವರ್ಷ ಆಗದಿದ್ದರೆ ಮುಂದಿನ ಶಿಬಿರಕ್ಕೆ ಹೋಗಬಹುದು. ಯೂವಿಯೈಟಿಸ್ ಕಾಯುವುದಿಲ್ಲ. ಬರುವುದೂ ಹೆಚ್ಚಾಗಿ ದುಡಿಯುವ ವಯಸ್ಸಿನವರಿಗೆ.

ಮೈ ತನ್ನದನ್ನೇ ಗುರುತಿಸದೆ ಹೋದಾಗ

ರೋಗನಿರೋಧಕ ವ್ಯವಸ್ಥೆಗೆ ಇರುವ ಮೂಲ ಪ್ರಶ್ನೆ ಒಂದೇ: ಇದು ನನ್ನದೋ, ಹೊರಗಿನದೋ? ಎದೆಗೂಡಿನಲ್ಲಿ ಹೃದಯದ ಮೇಲ್ಗಡೆ ಥೈಮಸ್ ಎಂಬ ಗ್ರಂಥಿಯಿದೆ. ಟಿ ಕಣಗಳೆಂಬ ಬಿಳಿಕಣಗಳು ಅಲ್ಲಿ ಪಾಠ ಕಲಿತು ಹೊರಡುತ್ತವೆ. ಮೈಯ ಬೇರೆ ಬೇರೆ ಅಂಗಗಳ ಪ್ರೋಟೀನುಗಳ ಮಾದರಿಯನ್ನು ಥೈಮಸ್ ಅವುಗಳಿಗೆ ತೋರಿಸುತ್ತದೆ. ಸ್ವಂತದ್ದನ್ನು ಕಂಡು ಕೆರಳುವ ಕಣವನ್ನು ಅಲ್ಲೇ ಮುಗಿಸುತ್ತದೆ. ಐರ್ ಎಂಬ ಜೀನು ಈ ಮಾದರಿ ತೋರಿಸುವ ಕೆಲಸ ಮಾಡಿಸುತ್ತದೆ. 2006ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಲ್ಲಿ ಕಂಡುಕೊಂಡದ್ದು ಬೆರಗಿನ ಸಂಗತಿ: ಥೈಮಸ್‌ನಲ್ಲಿ ರೆಟಿನಾದ ಒಂದೇ ಒಂದು ಪ್ರೋಟೀನಿನ ಮಾದರಿ ತೋರಿಸದೆ ಬಿಟ್ಟರೆ ಸಾಕು, ಇಲಿಯ ಕಣ್ಣಿಗೆ ತಾನಾಗಿಯೇ ಉರಿಯೂತ ಬಂತು. ಉಳಿದೆಲ್ಲ ಪಾಠ ಸರಿಯಿದ್ದರೂ ಒಂದು ಪುಟ ಹರಿದುಹೋದದ್ದಕ್ಕೆ ಕಣ್ಣು ದಂಡ ತೆತ್ತಿತು.

ಥೈಮಸ್‌ನ ಜರಡಿಯಿಂದ ಕೆಲವು ಕಣಗಳು ಎಲ್ಲರಲ್ಲೂ ತಪ್ಪಿಸಿಕೊಳ್ಳುತ್ತವೆ. ಆದರೂ ಎಲ್ಲರಿಗೂ ರೋಗ ಬರುವುದಿಲ್ಲ, ಯಾಕೆಂದರೆ ಕಣ್ಣಿಗೆ ತನ್ನದೇ ಬೇಲಿಯಿದೆ. ಕಣ್ಣಿನ ರಕ್ತನಾಳಗಳ ಗೋಡೆ ಬಿಗಿ, ಎಲ್ಲವನ್ನೂ ಒಳಗೆ ಬಿಡದು. ಬ್ರಿಟನ್ನಿನ ಪೀಟರ್ ಮೆಡಾವರ್ 1948ರಲ್ಲಿ ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದು ಮೊಲದ ಕಣ್ಣಿನ ಮುಂಕೋಣೆಯಲ್ಲಿಟ್ಟು ನೋಡಿದರು. ಬೇರೆ ಕಡೆ ನೆಟ್ಟಿದ್ದರೆ ಮೈ ಬೇಗನೆ ತಿರಸ್ಕರಿಸುವ ಆ ಚೂರು ಕಣ್ಣಿನಲ್ಲಿ ಉಳಿಯಿತು. ಕಣ್ಣಿಗೆ ಉರಿಯೂತವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಚರ್ಮದ ಗಾಯ ಮಾಯ್ದು ಕಲೆ ಉಳಿದರೆ ಅಡ್ಡಿಯಿಲ್ಲ, ರೆಟಿನಾದಲ್ಲಿ ಕಲೆ ಉಳಿದರೆ ಆ ಜಾಗ ಕುರುಡು. ಹಾಗಾಗಿ ಕಣ್ಣು ಜಗಳದಿಂದ ದೂರ ಇರಲು ಕಲಿತಿದೆ. ಆದರೆ ಅವಿತುಕೊಂಡದ್ದಕ್ಕೂ ಒಂದು ತೊಡಕು. ನಿತ್ಯ ಕಣ್ಣಿಗೆ ಬೀಳದ ಮನೆಯವನನ್ನು ಕಾವಲುಗಾರ ಮರೆತುಬಿಡುತ್ತಾನೆ. ಒಂದು ದಿನ ಬೇಲಿ ಹರಿದು ಅವನು ಎದುರಾದರೆ ಕಳ್ಳನೆಂದೇ ಬಗೆಯುತ್ತಾನೆ.

ಇದು ಬರೀ ಹೋಲಿಕೆಯ ಮಾತಲ್ಲ, ಹೀಗೆಯೇ ನಡೆಯುವ ಒಂದು ರೋಗವಿದೆ. ಸಿಂಪಥೆಟಿಕ್ ಆಫ್ತಾಲ್ಮಿಯಾ ಎಂದು ಹೆಸರು, 1830ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮೆಕೆಂಜಿ ವಿವರಿಸಿದ್ದು. ಒಂದು ಕಣ್ಣಿಗೆ ಚೂಪಾದದ್ದು ಚುಚ್ಚಿ ಯೂವಿಯಾ ಹೊರಗೆ ಬಂದಾಗ, ಅದುವರೆಗೆ ಮರೆಯಲ್ಲಿದ್ದ ಅದರ ಪ್ರೋಟೀನುಗಳು ರೋಗನಿರೋಧಕ ವ್ಯವಸ್ಥೆಯ ಎದುರಿಗೆ ಬೀಳುತ್ತವೆ. ಕೆಲವು ವಾರ ಅಥವಾ ತಿಂಗಳ ಮೇಲೆ ಏಟೇ ಬೀಳದ ಇನ್ನೊಂದು ಕಣ್ಣಿಗೂ ಉರಿಯೂತ ಶುರುವಾಗುತ್ತದೆ. ಹೆಚ್ಚಿನ ಪ್ರಕರಣಗಳು ಗಾಯವಾದ ಮೊದಲ ವರ್ಷದೊಳಗೇ. ಬ್ರೈಲ್ ಲಿಪಿ ಕೊಟ್ಟ ಲೂಯಿ ಬ್ರೈಲ್ ಮೂರನೆಯ ವಯಸ್ಸಿನಲ್ಲಿ, 1812ರಲ್ಲಿ, ತಂದೆಯ ಚರ್ಮದ ಕೆಲಸದ ಉಪಕರಣ ಒಂದು ಕಣ್ಣಿಗೆ ಚುಚ್ಚಿ, ಬಳಿಕ ಎರಡೂ ಕಣ್ಣು ಕಳೆದುಕೊಂಡದ್ದು ಇದರಿಂದಲೇ ಇರಬೇಕೆಂದು ಅನೇಕ ವೈದ್ಯರು ಭಾವಿಸಿದ್ದಾರೆ. ಅಪರೂಪದ ರೋಗ. ಆದರೂ ಇಲ್ಲಿ ಬರೆಯಲು ಕಾರಣವಿದೆ. ನಮ್ಮದು ಬಿದಿರು ಸೀಳುವ, ಸಾಗವಾನಿ ಕೊಯ್ಯುವ, ಮುಳ್ಳುಪೊದೆ ಸವರುವ ಸೀಮೆ. ಕಣ್ಣಿಗೆ ಸಿಬಿರು ಹೊಕ್ಕ ಮೇಲೆ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದವರು ಅಷ್ಟಕ್ಕೇ ಮುಗಿಯಿತೆಂದು ತಿಳಿಯಬಾರದು. ಚೆನ್ನಾಗಿರುವ ಕಣ್ಣು ಮಂಜಾದರೆ, ಬೆಳಕಿಗೆ ನೊಂದರೆ, ಅದೇ ದಿನ ಹೊರಡಬೇಕು.

ಬೇಲಿ ಹರಿಯದೆಯೂ ಕಾವಲು ಕೆರಳುವುದುಂಟು. ಕಣ್ಣಿನ ಪ್ರೋಟೀನನ್ನು ಕಂಡೇ ಇರದ ಟಿ ಕಣಗಳನ್ನು ಯಾರು ಎಬ್ಬಿಸುತ್ತಾರೆ ಎಂಬುದು ಬಹುಕಾಲದ ಒಗಟು. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ರೇಚಲ್ ಕ್ಯಾಸ್ಪಿಯವರ ತಂಡ 2015ರಲ್ಲಿ ಅದಕ್ಕೊಂದು ಉತ್ತರ ಕೊಟ್ಟಿತು. ತಾನಾಗಿ ಯೂವಿಯೈಟಿಸ್ ಬರುವ ತಳಿಯ ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಿದಾಗ ಕಣ್ಣಿನ ರೋಗವೂ ತಗ್ಗಿತು. ಟಿ ಕಣಗಳು ಎಚ್ಚರಗೊಳ್ಳುತ್ತಿದ್ದದ್ದು ಕಣ್ಣಿನಲ್ಲಲ್ಲ, ಕರುಳಿನಲ್ಲಿ. ಅಲ್ಲಿನ ಬ್ಯಾಕ್ಟೀರಿಯಾದ ಯಾವುದೋ ತುಣುಕು ಕಣ್ಣಿನ ಪ್ರೋಟೀನನ್ನು ಹೋಲುತ್ತಿರಬೇಕೆಂದು ಅವರು ಊಹಿಸಿದರು. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಂಶೋಧಕರು 2018ರಲ್ಲಿ ನಮ್ಮ ದೇಶದ ರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಆರೋಗ್ಯವಂತರ ಜೊತೆ ಹೋಲಿಸಿ, ಉರಿಯೂತ ತಗ್ಗಿಸುವ ಬಗೆಯವು ಯೂವಿಯೈಟಿಸ್ ರೋಗಿಗಳಲ್ಲಿ ಕಡಿಮೆ ಇರುವುದನ್ನು ವರದಿ ಮಾಡಿದರು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂ ಇತ್ಯರ್ಥವಾಗಬೇಕು. ಮಜ್ಜಿಗೆ ಕುಡಿದರೆ ಕಣ್ಣು ವಾಸಿ ಎಂದು ಯಾರಾದರೂ ಮೊಬೈಲಿನಲ್ಲಿ ಕಳಿಸಿದರೆ, ಮಜ್ಜಿಗೆಯನ್ನು ಸಂತೋಷವಾಗಿ ಕುಡಿಯಿರಿ, ಔಷಧ ಬಿಡಬೇಡಿ.

ಹುಟ್ಟಿನಿಂದ ಬರುವ ಒಲವೂ ಒಂದಿದೆ. 1973ರಲ್ಲಿ ಎಚ್‌ಎಲ್‌ಎ-ಬಿ27 ಎಂಬ ಗುರುತಿನ ನಂಟು ಮೊದಲು ಬೆನ್ನುಮೂಳೆಯ ಕೀಲುಗಳ ಉರಿಯೂತದೊಂದಿಗೆ, ಆಮೇಲೆ ಕಣ್ಣಿನ ಮುಂಭಾಗದ ಯೂವಿಯೈಟಿಸ್‌ನೊಂದಿಗೆ ಪತ್ತೆಯಾಯಿತು. ಈ ಗುರುತಿರುವ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಆದರೆ ಇಪ್ಪತ್ತೈದು ಮೂವತ್ತರ ಹರೆಯದಲ್ಲಿ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡು, ಓಡಾಡಿದ ಮೇಲೆ ಸಡಿಲವಾಗುವ ನೋವು ತಿಂಗಳುಗಟ್ಟಲೆ ಇದ್ದರೆ, ಜೊತೆಗೆ ಒಮ್ಮೆ ಎಡಗಣ್ಣು, ಇನ್ನೊಮ್ಮೆ ಬಲಗಣ್ಣು ಕೆಂಪಾದರೆ, ಎರಡೂ ಒಂದೇ ಕಥೆಯ ಎರಡು ಅಧ್ಯಾಯ. ಭಾರ ಹೊರುವ, ಗದ್ದೆಯಲ್ಲಿ ಬಗ್ಗುವ ಮೈಗೆ ಸೊಂಟನೋವು ಸಹಜವೆಂದು ನಾವು ಅದನ್ನು ಕಣ್ಣಿನ ಡಾಕ್ಟರಿಗೆ ಹೇಳುವುದೇ ಇಲ್ಲ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಇಂಥ ಕಣ್ಣಿನ ರೋಗಿಗಳ ಬೆನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 40 ಮಂದಿಯಲ್ಲಿ ಅದುವರೆಗೆ ಯಾರೂ ಗುರುತಿಸದ ಕೀಲುರೋಗ ಸಿಕ್ಕಿತು. ಕೆಂಪು ಕಣ್ಣು ಬೆನ್ನನ್ನು ಉಳಿಸಬಹುದು.

ಬೇರೆ ಬಗೆಗಳನ್ನು ಚುಟುಕಾಗಿ ಹೇಳುತ್ತೇನೆ. ಬಾಯಲ್ಲಿ, ಗುಪ್ತಾಂಗದಲ್ಲಿ ಪದೇ ಪದೇ ಹುಣ್ಣಾಗಿ ಕಣ್ಣು ಕೆಡುವುದು ಬೆಹ್ಚೆಟ್ ರೋಗ, 1937ರಲ್ಲಿ ಟರ್ಕಿಯ ಚರ್ಮವೈದ್ಯ ಹುಲೂಸಿ ಬೆಹ್ಚೆಟ್ ವಿವರಿಸಿದ್ದು. ತಲೆನೋವು, ಕಿವಿಯಲ್ಲಿ ಗುಂಯ್‌ಗುಡುವಿಕೆ, ಎರಡೂ ಕಣ್ಣು ಒಮ್ಮೆಗೇ ಮಂಜು, ಕೆಲವು ತಿಂಗಳ ಮೇಲೆ ರೆಪ್ಪೆಗೂದಲು ಬೆಳ್ಳಗಾಗಿ ಮೈಮೇಲೆ ತೊನ್ನಿನ ಕಲೆ ಬಂದರೆ ಅದು ವೋಗ್ಟ್-ಕೊಯನಾಗಿ-ಹರಡಾ. ಬಣ್ಣ ಕೊಡುವ ಕಣಗಳನ್ನೇ ಮೈ ಶತ್ರುವೆಂದು ಬಗೆಯುವ ಈ ರೋಗ ನಮ್ಮಂಥ ಕಂದುಮೈಯ ಜನರಲ್ಲಿ ಬಿಳಿಯರಿಗಿಂತ ಹೆಚ್ಚು.

ಮಕ್ಕಳದ್ದನ್ನು ಮಾತ್ರ ಚುಟುಕಾಗಿ ಹೇಳಲಾರೆ. ಮೂರು ನಾಲ್ಕು ವರ್ಷದ ಮಗುವಿನ ಮಂಡಿ ಏಟಿಲ್ಲದೆ ಊದಿಕೊಂಡು ವಾರಗಟ್ಟಲೆ ಇಳಿಯದಿದ್ದರೆ ಅದು ಮಕ್ಕಳ ಕೀಲುವಾತ ಇರಬಹುದು. ಅಂಥ ಮಗುವಿನ, ವಿಶೇಷವಾಗಿ ಹೆಣ್ಣುಮಗುವಿನ, ಕಣ್ಣಿನೊಳಗೆ ಸದ್ದಿಲ್ಲದೆ ಯೂವಿಯೈಟಿಸ್ ಬೆಳೆಯುತ್ತದೆ. ಕಣ್ಣು ಹಾಲಿನಷ್ಟು ಬೆಳ್ಳಗೆ, ನೋವಿಲ್ಲ, ಮಗು ದೂರುವುದಿಲ್ಲ. ಅಂಗನವಾಡಿಯಲ್ಲಿ ಚಿತ್ರ ಗುರುತಿಸದಿದ್ದಾಗ ಎಚ್ಚರವಾಗುವಷ್ಟರಲ್ಲಿ ತಡವಾಗಿರುತ್ತದೆ. ಹಾಗಾಗಿ ಕೀಲುವಾತದ ಮಕ್ಕಳಿಗೆ ಕಣ್ಣಿನ ದೂರು ಏನೂ ಇಲ್ಲದಿದ್ದರೂ ಸ್ಲಿಟ್ ಲ್ಯಾಂಪ್ ಪರೀಕ್ಷೆ ಮಾಡಿಸಬೇಕು, ಅಪಾಯ ಹೆಚ್ಚಿರುವವರಿಗೆ ಮೂರು ತಿಂಗಳಿಗೊಮ್ಮೆ.

ಡಾಕ್ಟರಿಗೂ ಅದೇ ಪ್ರಶ್ನೆ

ನನ್ನದೋ, ಹೊರಗಿನದೋ ಎಂಬ ಪ್ರಶ್ನೆಯಲ್ಲಿ ರೋಗಿಯ ಮೈ ಎಡವಿದೆ. ಔಷಧ ಬರೆಯುವ ಮೊದಲು ಡಾಕ್ಟರೂ ಅದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಮೈ ತನ್ನ ಮೇಲೆ ತಾನೇ ಬಿದ್ದಿದ್ದರೆ ಅದನ್ನು ಸ್ಟೆರಾಯ್ಡ್ ಕೊಟ್ಟು ಸುಮ್ಮನಾಗಿಸಬೇಕು. ಕಣ್ಣಿನೊಳಗೆ ನಿಜವಾಗಿಯೂ ಕ್ರಿಮಿ ಅಡಗಿದ್ದರೆ, ಹಾಗೆ ಸುಮ್ಮನಾಗಿಸುವುದು ಕಳ್ಳನಿರುವ ಮನೆಯ ನಾಯಿಯನ್ನು ಕಟ್ಟಿಹಾಕಿದಂತೆ. ಯುರೋಪಿನ ಪಠ್ಯಪುಸ್ತಕದಲ್ಲಿ ಈ ಪ್ರಶ್ನೆ ಒಂದು ಪುಟದಲ್ಲಿ ಮುಗಿಯಬಹುದು, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮುಗಿಯುವುದಿಲ್ಲ.

ಮೊದಲನೆಯದು ಕ್ಷಯ. ಕಣ್ಣಿಗೂ ಟಿಬಿ ಬರುತ್ತದೆ, ಕೆಮ್ಮಿಲ್ಲದೆ, ಕಫವಿಲ್ಲದೆ. ಕೋರಾಯ್ಡ್‌ನಲ್ಲಿ ಮಚ್ಚೆ, ರೆಟಿನಾದ ನಾಳಗಳಲ್ಲಿ ಉರಿಯೂತ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ ಸಮುದಾಯ ಈ ರೋಗದ ಹೊರೆಯನ್ನು ಬಲ್ಲದು. ವಸತಿಶಾಲೆ, ಮಠಗಳಂಥ ಒತ್ತಾಗಿ ಬಾಳುವ ಜಾಗಗಳಲ್ಲಿ ಕ್ಷಯವನ್ನು ಹುಡುಕಿ ಹುಡುಕಿ ಗುಣಪಡಿಸಲು 2017ರಲ್ಲಿ ಟಿಬೆಟನ್ ಮಕ್ಕಳಿಗಾಗಿ ಝೀರೋ ಟಿಬಿ ಕಾರ್ಯಕ್ರಮವೇ ಆರಂಭವಾಯಿತು. ಹಾಗೆಂದು ಇದು ಅವರೊಬ್ಬರ ಸಂಕಟವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ ಸುಮಾರು 31 ಮಂದಿಯ ಮೈಯಲ್ಲಿ ಕ್ಷಯದ ಸೋಂಕು ಮಲಗಿರುವುದು ಕಂಡಿತು. ಅಂದರೆ ತೋಳಿಗೆ ಚುಚ್ಚುವ ಮಾಂಟೂ ಪರೀಕ್ಷೆ ಊದಿಕೊಂಡಿತೆಂಬ ಮಾತ್ರಕ್ಕೆ ಕಣ್ಣಿನ ರೋಗ ಟಿಬಿಯದ್ದೇ ಎನ್ನುವಂತಿಲ್ಲ, ಊದಿಲ್ಲವೆಂದು ಕೈಬಿಡುವಂತೆಯೂ ಇಲ್ಲ. ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನ್, ರಕ್ತಪರೀಕ್ಷೆ, ಕಣ್ಣಿನ ಒಳನೋಟ ಎಲ್ಲವನ್ನೂ ಕೂಡಿಸಿ ತೂಗಬೇಕು. ಈ ತೂಗುವ ಕೆಲಸಕ್ಕೆ ಜಗತ್ತಿನ ವೈದ್ಯರು ಒಟ್ಟಾಗಿ ನಿಯಮ ರೂಪಿಸುವಾಗ ಚಂಡೀಗಢದ ಪಿಜಿಐ ಆಸ್ಪತ್ರೆಯ ಡಾ. ವಿಶಾಲಿ ಗುಪ್ತಾ ಮುಂತಾದವರು ಮುಂಚೂಣಿಯಲ್ಲಿದ್ದರು. ಕಣ್ಣಿಗೆ ಎದೆಯ ಫೋಟೋ ಯಾಕೆ ಎಂದು ಹಣ ಉಳಿಸಲು ಹೋಗುವವರಿಗೆ ಇದನ್ನು ಹೇಳಬೇಕೆನಿಸಿತು.

ಎರಡನೆಯದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರು, ಗದ್ದೆಯ ಕೆಸರು, ಕಾಲಿನ ಬಿರುಕು. ಜ್ವರ ಇಳಿದು ತಿಂಗಳುಗಳ ಮೇಲೆ ಕಣ್ಣು ಕೆಡುತ್ತದೆ, ಆಗ ಯಾರಿಗೂ ಜ್ವರದ ನೆನಪಿರುವುದಿಲ್ಲ. ಮಧುರೆಯಲ್ಲಿ 1993ರ ಭಾರೀ ಮಳೆ, ನೆರೆಯ ಬೆನ್ನಿಗೆ ಅರವಿಂದ್ ಕಣ್ಣಾಸ್ಪತ್ರೆಗೆ ಒಂದೇ ಬಗೆಯ ಯೂವಿಯೈಟಿಸ್ ರೋಗಿಗಳು ಸಾಲುಸಾಲಾಗಿ ಬಂದರು. ಡಾ. ಎಸ್. ಆರ್. ರತಿನಂ ಮತ್ತು ಅವರ ಸಂಗಡಿಗರು ಅದರ ಬೇರನ್ನು ಇಲಿಜ್ವರದವರೆಗೆ ಹುಡುಕಿಕೊಂಡು ಹೋದರು. ಹಳಿಯಾಳದ ಕಬ್ಬಿನ ಗದ್ದೆ, ಜೋಯಿಡಾದ ಭತ್ತದ ಗದ್ದೆಯಲ್ಲಿ ಮಳೆಗಾಲವಿಡೀ ನಿಲ್ಲುವವರು ಡಾಕ್ಟರಿಗೆ ತಮ್ಮ ಕೆಲಸ ಏನೆಂದು ಹೇಳಬೇಕಾದದ್ದು ಈ ಕಾರಣಕ್ಕೆ.

ಮತ್ತೆ ಜ್ವರಗಳ ಸಾಲು. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕವನ್ನು ಮಲಗಿಸಿದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಹೋದ್ಯೋಗಿಗಳು ಆ ಜ್ವರದ ನಂತರ ಬರುವ ಕಣ್ಣಿನ ಉರಿಯೂತವನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದರು. ಈ ಪತ್ತೆಯ ಮೊದಲ ಹೆಜ್ಜೆಗಳಲ್ಲಿ ಒಂದು ಕನ್ನಡ ನೆಲದಲ್ಲೇ ಬಿತ್ತೆಂಬುದು ಹೆಮ್ಮೆಯ ವಿಷಯ. ಉಣುಗು ಕಚ್ಚಿ ಬರುವ ರಿಕೆಟ್ಸಿಯಾ ಜ್ವರದ ಎರಡು ಮೂರು ವಾರಕ್ಕೆ ರೆಟಿನಾದಲ್ಲಿ ಬಿಳಿ ಮಚ್ಚೆಗಳೆದ್ದು ನೋಟ ಮಂಜಾಗುವುದೂ ಉಂಟು. ಮಂಗನ ಕಾಯಿಲೆಯಲ್ಲಿ ಕಣ್ಣು ಕೆಂಪೇರುವುದನ್ನು ಕಾಡಂಚಿನವರು ಬಲ್ಲರು. ಹಾಗಾಗಿ ಕಣ್ಣಿನ ಡಾಕ್ಟರು "ಹಿಂದೆ ಜ್ವರ ಬಂದಿತ್ತಾ?" ಎಂದು ಕೇಳಿದರೆ ಅದು ಮಾತಿಗೆ ಕೇಳಿದ್ದಲ್ಲ. ಆರು ತಿಂಗಳ ಹಿಂದಿನದನ್ನೂ ನೆನಪಿಸಿಕೊಂಡು ಹೇಳಿ. ಮನೆಯಲ್ಲಿ ಕೊಂಕಣಿ, ಮರಾಠಿ ಅಥವಾ ಟಿಬೆಟನ್ ಆಡುವ ಹಿರಿಯರ ಜೊತೆ ಕನ್ನಡ ಬಲ್ಲ ಒಬ್ಬರು ಒಳಗೆ ಹೋಗುವುದು ಒಳ್ಳೆಯದು. ಈ ರೋಗದಲ್ಲಿ ಅರ್ಧ ಪತ್ತೆ ಮಾತಿನಿಂದಲೇ ಆಗುತ್ತದೆ.

ಔಷಧಗಳು ಏನು ಮಾಡುತ್ತವೆ

ಕ್ರಿಮಿಯಲ್ಲವೆಂದು ತಿಳಿದ ಮೇಲೆ ಮೊದಲ ಆಯುಧ ಸ್ಟೆರಾಯ್ಡ್. ಕಾರ್ಟಿಸೋನ್ ಕೀಲುವಾತದ ರೋಗಿಗಳನ್ನು ಎಬ್ಬಿಸಿ ನಡೆಸಿದ್ದು 1948ರಲ್ಲಿ. 1950ರ ಹೊತ್ತಿಗೆ ಅದು ಕಣ್ಣಿಗೂ ಬಂತು. ಮುಂಭಾಗದ ಉರಿಯೂತಕ್ಕೆ ಹನಿಯೇ ಸಾಕು. ಸಾಮಾನ್ಯವಾಗಿ ಬರೆಯುವ ಪ್ರೆಡ್ನಿಸೋಲೋನ್ ಹನಿ ಹಾಲುಬಣ್ಣದ್ದು, ಔಷಧ ತಳದಲ್ಲಿ ಕೂತಿರುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕದೆ ಹಾಕಿದರೆ ಕಣ್ಣಿಗೆ ಬೀಳುವುದು ಹೆಚ್ಚಿನಂಶ ನೀರು. ಮೊದಮೊದಲು ಗಂಟೆಗೊಮ್ಮೆ, ಆಮೇಲೆ ವಾರಗಳ ಕಾಲ ನಿಧಾನ ಇಳಿಕೆ. ಕೆಂಪು ಹೋಯಿತೆಂದು ನಾಲ್ಕನೆಯ ದಿನಕ್ಕೇ ನಿಲ್ಲಿಸಿದರೆ ಉರಿಯೂತ ಇಮ್ಮಡಿಯಾಗಿ ಮರಳುತ್ತದೆ. ಜೊತೆಗೆ ಪಾಪೆ ಅರಳಿಸುವ ಹನಿ ಕೊಡುತ್ತಾರೆ, ಐರಿಸ್ ಅಂಟದಿರಲಿ, ನೋವು ತಗ್ಗಲಿ ಎಂದು. ಅದರಲ್ಲಿರುವ ಅಟ್ರೋಪಿನ್ ದತ್ತೂರದ ಗಿಡದಲ್ಲೂ ಇದೆ. ಹಾಗೆಂದು ಯಾವ ಗಿಡದ ರಸವನ್ನೂ ಕಣ್ಣಿಗೆ ಹಿಂಡಬೇಡಿ, ಹಿರಿಯರು ಹಾಕುತ್ತಿದ್ದ ನಂದಿಬಟ್ಟಲನ್ನೂ.

ಈ ಸ್ಟೆರಾಯ್ಡ್ ಹನಿಯೇ ಚೀಟಿಯಿಲ್ಲದೆ ಕೊಂಡಾಗ ಕಣ್ಣು ಕಳೆಯುತ್ತದೆ. ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಬೆರೆಸಿದ ಹನಿಗಳು ಕೆಂಪನ್ನು ಒಂದೇ ದಿನದಲ್ಲಿ ಇಳಿಸುತ್ತವೆ, ಅದಕ್ಕೇ ಜನಕ್ಕೆ ಇಷ್ಟ. ಆದರೆ ಭತ್ತದ ಹೊಟ್ಟು, ಕಬ್ಬಿನ ಗರಿ ತಾಗಿ ಕಾರ್ನಿಯಾದ ಮೇಲೆ ಬೂಷ್ಟು ಬೆಳೆಯುತ್ತಿದ್ದರೆ ಸ್ಟೆರಾಯ್ಡ್ ಅದಕ್ಕೆ ಗೊಬ್ಬರ. ಏನೂ ಇಲ್ಲದವರೂ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ನರ ಒಣಗುತ್ತದೆ. ಈ ಮಾತನ್ನು ನಾನು ಕಟುವಾಗಿಯೇ ಹೇಳುತ್ತೇನೆ: ಪಕ್ಕದ ಮನೆಯವರಿಗೆ ಬರೆದುಕೊಟ್ಟ ಹನಿ ನಿಮ್ಮ ಕಣ್ಣಿಗೆ ವಿಷವಾಗಬಹುದು.

ಹಿಂಭಾಗದ ರೋಗಕ್ಕೆ ಹನಿ ತಲುಪುವುದಿಲ್ಲ. ಕಣ್ಣಿನ ಪಕ್ಕ ಅಥವಾ ಒಳಗೆ ಚುಚ್ಚುಮದ್ದು, ಇಲ್ಲವೇ ಮಾತ್ರೆ. ಮೈತೂಕದ ಒಂದು ಕಿಲೋಗೆ ಒಂದು ಮಿಲಿಗ್ರಾಂವರೆಗೆ ಪ್ರೆಡ್ನಿಸೋಲೋನ್ ಕೊಟ್ಟು ಬೆಂಕಿ ಆರಿಸುತ್ತಾರೆ. ಅದೇ ಪ್ರಮಾಣದಲ್ಲಿ ಮುಂದುವರಿದರೆ ಸಕ್ಕರೆ, ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ. ಹಾಗಾಗಿ ಮೂರು ತಿಂಗಳಾದರೂ ಸಣ್ಣ ಪ್ರಮಾಣಕ್ಕೆ ಇಳಿಸಲಾಗದಿದ್ದರೆ ರೋಗನಿರೋಧಕ ವ್ಯವಸ್ಥೆಯನ್ನೇ ಹದಕ್ಕೆ ತರುವ ಬೇರೆ ಔಷಧ ಸೇರಿಸುತ್ತಾರೆ. ಇವುಗಳಲ್ಲಿ ಯಾವುದು ಮೇಲು? ಉತ್ತರ ಕೊಟ್ಟ ಪರೀಕ್ಷೆಯಲ್ಲಿ ನಮ್ಮ ದೇಶದ ರೋಗಿಗಳ ಪಾಲು ದೊಡ್ಡದು. ಫಾಸ್ಟ್ ಎಂಬ ಆ ಅಧ್ಯಯನ ಅರವಿಂದ್ ಆಸ್ಪತ್ರೆಗಳೂ ಅಮೆರಿಕ, ಮೆಕ್ಸಿಕೊ, ಆಸ್ಟ್ರೇಲಿಯಾ, ಸೌದಿ ಅರೇಬಿಯಾದ ಕೇಂದ್ರಗಳೂ ಸೇರಿ 216 ರೋಗಿಗಳ ಮೇಲೆ ನಡೆಸಿದ್ದು, 2019ರಲ್ಲಿ ಪ್ರಕಟವಾಯಿತು. ಹೆಚ್ಚು ದುಬಾರಿಯಾದ ಮೈಕೋಫಿನೊಲೇಟ್ ಗೆಲ್ಲಬಹುದೆಂಬ ನಿರೀಕ್ಷೆ ಸುಳ್ಳಾಯಿತು. ಹಳೆಯ, ಅಗ್ಗದ ಮೆಥೊಟ್ರೆಕ್ಸೇಟ್ ಆರು ತಿಂಗಳಲ್ಲಿ ನೂರಕ್ಕೆ 67 ಮಂದಿಯಲ್ಲಿ ಫಲ ಕೊಟ್ಟಿತು, ಮೈಕೋಫಿನೊಲೇಟ್ 57 ಮಂದಿಯಲ್ಲಿ. ಈ ಅಂತರ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ದೊಡ್ಡದಲ್ಲ, ಆದರೆ ಬಡ ರೋಗಿಗೆ ಎರಡನೇ ದರ್ಜೆಯ ಔಷಧ ಸಿಕ್ಕಿತೆಂಬ ಅಳುಕು ಬೇಡವೆಂದು ತೋರಿಸಲು ಸಾಕು.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತುಹಾಕಿ, ಮನೆಯವರಿಗೆಲ್ಲ ತಿಳಿಸಿ. ದಿನಾ ನುಂಗಿ ಜೀವ ಹೋದವರಿದ್ದಾರೆ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ, ಸಾರಾಯಿ ಪೂರ್ಣ ಬಂದ್. ಗರ್ಭಿಣಿಯರಿಗೆ, ಮಗು ಬಯಸುವ ಹೆಂಗಸರಿಗೆ ಈ ಔಷಧ ಸಲ್ಲದು. ಮದುವೆಯಾದ ಹೆಣ್ಣುಮಗಳು ನಾಚಿಕೆ ಬಿಟ್ಟು ಮೊದಲೇ ಹೇಳಬೇಕು.

ಇದಕ್ಕೂ ಬಗ್ಗದ ರೋಗಕ್ಕೆ ಜೈವಿಕ ಔಷಧಗಳು. ಟಿಎನ್‌ಎಫ್ ಎಂಬ ಉರಿಯೂತದ ದೂತನನ್ನು ಹಿಡಿದು ನಿಲ್ಲಿಸುವ ಅಡಾಲಿಮುಮ್ಯಾಬ್‌ಗೆ 2016ರಲ್ಲಿ ಯೂವಿಯೈಟಿಸ್‌ಗೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷದ ದೊಡ್ಡ ಪರೀಕ್ಷೆಯಲ್ಲಿ ಚಿಕಿತ್ಸೆ ಸೋಲುವ ಹೊತ್ತನ್ನು ಅದು 13 ವಾರದಿಂದ 24 ವಾರಕ್ಕೆ ದೂಡಿತ್ತು. ಮರುವರ್ಷ ಕೀಲುವಾತದ ಮಕ್ಕಳ ಕಣ್ಣಿಗೂ ಅದು ನೆರವಾಗುತ್ತದೆಂದು ಖಚಿತವಾಯಿತು. ನಮಗೆ ಹತ್ತಿರದ ಸುದ್ದಿಯೆಂದರೆ, ಈ ಔಷಧದ ಸಮಾನರೂಪವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದದ್ದು ಭಾರತದ ಝೈಡಸ್ ಕಂಪನಿ, 2014ರಲ್ಲಿ. ಬೆಲೆ ಇಳಿಯಿತು, ಆದರೂ ಕೂಲಿಯವರ ಕೈಗೆ ಸುಲಭವಾಗಿಲ್ಲ. ಟಿಎನ್‌ಎಫ್ ಮೈಯಲ್ಲಿ ಮಲಗಿರುವ ಟಿಬಿಯನ್ನು ಗೂಡಿನೊಳಗೆ ಕಟ್ಟಿಟ್ಟಿರುತ್ತದೆ. ಅದನ್ನು ತಡೆದರೆ ಟಿಬಿ ಎದ್ದು ಬರಬಹುದು. ನೂರಕ್ಕೆ 31 ಮಂದಿಯಲ್ಲಿ ಟಿಬಿ ಮಲಗಿದೆಯೆಂದು ಮೇಲೆ ಹೇಳಿದ ಲೆಕ್ಕ ಇಲ್ಲಿ ಮತ್ತೆ ಎದುರಾಗುತ್ತದೆ. ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಮದ್ದನ್ನು ಫ್ರಿಜ್ಜಿನ ತಂಪಿನಲ್ಲೇ ಇಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಹಳ್ಳಿಯವರು ಎಲ್ಲಿ ಇಡುವುದೆಂದು ಮೊದಲೇ ಡಾಕ್ಟರ ಜೊತೆ ಮಾತಾಡಿಕೊಳ್ಳಿ.

ಸಂಶೋಧನೆ ಈಗ ಕಣದೊಳಗಿನ ಸಂಕೇತವನ್ನೇ ತಡೆಯುವ ಜಾಕ್ ಗುಂಪಿನ ಮಾತ್ರೆಗಳ ಕಡೆ ಸಾಗಿದೆ. ನನಗೆ ಇನ್ನೂ ಕುತೂಹಲ ಹುಟ್ಟಿಸುವುದು ಒಂದು ಹಳೆಯ ಪ್ರಯತ್ನ. 1983ರಲ್ಲಿ ಸೈಕ್ಲೋಸ್ಪೋರಿನ್ ಔಷಧವನ್ನು ಯೂವಿಯೈಟಿಸ್‌ಗೆ ತಂದ ರಾಬರ್ಟ್ ನುಸೆನ್‌ಬ್ಲಾಟ್, 1990ರ ದಶಕದಲ್ಲಿ ರೆಟಿನಾದ ಪ್ರೋಟೀನನ್ನೇ ರೋಗಿಗಳಿಗೆ ಬಾಯಿಯ ಮೂಲಕ ಕೊಟ್ಟು ನೋಡಿದರು. ತಿಂದದ್ದರ ಮೇಲೆ ಕರುಳು ಸಿಟ್ಟಾಗುವುದಿಲ್ಲ, ಹಾಗೆ ಕಣ್ಣಿನ ಗುರುತನ್ನು ಮೈಗೆ ಮತ್ತೆ ಕಲಿಸಬಹುದೆಂಬ ಯೋಚನೆ. ಫಲ ಆಸೆ ಹುಟ್ಟಿಸುವಷ್ಟಿತ್ತು, ಚಿಕಿತ್ಸೆಯಾಗಿ ನಿಲ್ಲುವಷ್ಟಿರಲಿಲ್ಲ. ಇಡೀ ಮೈಯ ಕಾವಲನ್ನು ಮಲಗಿಸದೆ, ಮರೆತ ಒಂದು ಪಾಠವನ್ನು ಮಾತ್ರ ಮತ್ತೆ ಕಲಿಸುವ ಆ ದಾರಿಯನ್ನು ವಿಜ್ಞಾನಿಗಳು ಇನ್ನೂ ಬಿಟ್ಟಿಲ್ಲ.

ಹೊರಡುವ ಮೊದಲು

ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಸಿಕ್ಕರೆ ಮೊದಲ ಸ್ಲಿಟ್ ಲ್ಯಾಂಪ್ ಪರೀಕ್ಷೆ ಅಲ್ಲೇ ಆಗಲಿ. ಮುಂದಿನ ಹಂತಕ್ಕೆ ಹಳಿಯಾಳ, ದಾಂಡೇಲಿ, ಮುಂಡಗೋಡದವರು ಹುಬ್ಬಳ್ಳಿ-ಧಾರವಾಡ ಕಡೆಗೇ ಹೋಗುವುದು. ಹುಬ್ಬಳ್ಳಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿದೆ, ಎಂ. ಎಂ. ಜೋಶಿ ಕಣ್ಣಿನ ಆಸ್ಪತ್ರೆಯಿದೆ. ಜೋಯಿಡಾದ ಪಶ್ಚಿಮ ಅಂಚಿನವರಿಗೆ ಕಾರವಾರದ ಮೆಡಿಕಲ್ ಕಾಲೇಜು ಹತ್ತಿರವಾಗಬಹುದು. ಬಿಪಿಎಲ್ ಕಾರ್ಡ್ ಒಯ್ಯಿರಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆ ನೆರವಿದೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಹಾಕುತ್ತಿರುವ ಹನಿಯ ಬಾಟಲಿ, ನುಂಗುತ್ತಿರುವ ಮಾತ್ರೆಯ ಪಟ್ಟಿ, ಹಳೆಯ ಚೀಟಿ ಎಲ್ಲವೂ ಒಂದೇ ಚೀಲದಲ್ಲಿರಲಿ. ಕಣ್ಣು ತುಂಬ ಕೆಂಪಾಗಿದ್ದ ದಿನದ ಫೋಟೋ ಮೊಬೈಲಿನಲ್ಲಿದ್ದರೆ ತೋರಿಸಿ.

ಒಬ್ಬರೇ ಹೋಗಬೇಡಿ. ಪಾಪೆ ಅರಳಿಸುವ ಹನಿ ಹಾಕಿದ ಮೇಲೆ ಗಂಟೆಗಟ್ಟಲೆ ಹತ್ತಿರದ್ದು ಕಾಣದು, ಬಿಸಿಲು ಚುಚ್ಚುತ್ತದೆ. ಆ ಸ್ಥಿತಿಯಲ್ಲಿ ಬೈಕ್ ಓಡಿಸಿಕೊಂಡು ಘಟ್ಟದ ತಿರುವುಗಳಲ್ಲಿ ಬರುವಂತಿಲ್ಲ. ಕಪ್ಪು ಕನ್ನಡಕ, ಇಲ್ಲವೇ ಅಗಲ ಅಂಚಿನ ಟೋಪಿ ಜೊತೆಗಿರಲಿ. ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಡಾಕ್ಟರಿಗೆ ಹೇಳಿದರೆ ಪರೀಕ್ಷೆಗಳನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಮರುಭೇಟಿ ಒಂದು ವಾರಕ್ಕೆ ಎಂದರೆ ಒಂದು ವಾರಕ್ಕೇ ಹೋಗಿ. ಹನಿ ಇಳಿಸಬೇಕೋ ಏರಿಸಬೇಕೋ ಎಂಬುದು ಆ ಎಣಿಕೆಯಿಂದಲೇ ತಿಳಿಯುವುದು. ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವಾಗ ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ, ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಲೂ ಬೇಡಿ, ಫೋನ್ ಮಾಡಿ ಕೇಳಿ.

ಮತ್ತು ದಿನಾ ಬೆಳಿಗ್ಗೆ, ಚಹಾ ಕುಡಿಯುವ ಹೊತ್ತಿಗೆ, ಒಂದು ಕಣ್ಣು ಮುಚ್ಚಿಕೊಂಡು ಎದುರು ಗೋಡೆಯ ಕ್ಯಾಲೆಂಡರ್ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ದಿನವೂ ಅದೇ ಜಾಗದಲ್ಲಿ ಕೂತು, ಅದೇ ದೂರದಿಂದ. ನಿನ್ನೆ ಓದಲು ಬಂದ ತಿಥಿಯ ಸಣ್ಣಕ್ಷರ ಇವತ್ತು ಒಂದು ಕಣ್ಣಿಗೆ ಮಂಜಾಗಿದ್ದರೆ, ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯದೆ ಹೊರಡಿ.